ಹಳೇ ಕರ್ನಲ್ ಮುಟ್ಟದೆ ಹೊಸದನ್ನು ಬೂಟ್ ಮಾಡುವುದು

ಹೊಸ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಪರೀಕ್ಷಿಸಲು ಹಳೆಯದನ್ನು ತೆಗೆಯಬೇಕಿಲ್ಲ. ಎರಡೂ ಬೂಟ್ ಡೈರೆಕ್ಟರಿಯಲ್ಲಿ ಅಕ್ಕಪಕ್ಕ ಇರುತ್ತವೆ, ಯಾವುದು ಏಳಬೇಕೆಂದು ಹೇಳುವುದು ಗ್ರಬ್, ಅಂದರೆ ಯಂತ್ರ ಆನ್ ಆದಾಗ ಕರ್ನಲ್ ಎಬ್ಬಿಸುವ ಬೂಟ್‌ಲೋಡರ್. ಇಲ್ಲಿರುವ ಕ್ರಮ ಉಬುಂಟು, ಡೆಬಿಯನ್‌ಗಳದ್ದು.

25 ಜಿಬಿಯಾದರೂ ಜಾಗ ಖಾಲಿ ಇರಲಿ. ಬಿಲ್ಡ್-ಎಸೆನ್ಶಿಯಲ್, ಫ್ಲೆಕ್ಸ್, ಬೈಸನ್, ಬಿಸಿ (bc), ಲಿಬ್‌ಎಸ್‌ಎಸ್‌ಎಲ್-ಡೆವ್, ಲಿಬ್‌ಎಲ್ಫ್-ಡೆವ್, ಡ್ವಾರ್ವ್ಸ್ ಪ್ಯಾಕೇಜ್ ಹಾಕಿಕೊಳ್ಳಿ. ಕರ್ನಲ್ ಡಾಟ್ ಆರ್ಗ್‌ನಿಂದ ಸೋರ್ಸ್ ಇಳಿಸಿ, ಈಗ ಓಡುತ್ತಿರುವ ಕರ್ನಲ್‌ನ ಕಾನ್ಫಿಗ್ ಫೈಲನ್ನು ಅಲ್ಲಿಗೆ 'ಡಾಟ್ ಕಾನ್ಫಿಗ್' ಹೆಸರಲ್ಲಿ ಕಾಪಿ ಮಾಡಿ.

'ಮೇಕ್ ಲೋಕಲ್‌ಮಾಡ್‌ಕಾನ್ಫಿಗ್' ಕೊಟ್ಟರೆ ಆ ಹೊತ್ತಿಗೆ ಲೋಡ್ ಆಗಿರುವ ಮಾಡ್ಯೂಲ್ (ಬೇಕಾದಾಗ ಕರ್ನಲ್‌ಗೆ ಸೇರುವ ಡ್ರೈವರ್‌ನಂಥ ತುಂಡು) ಮಾತ್ರ ಉಳಿದು ಬಿಲ್ಡ್ ಬೇಗ ಮುಗಿಯುತ್ತದೆ. ಅದಕ್ಕೆ ಮೊದಲು ಪೆನ್‌ಡ್ರೈವ್, ಪ್ರಿಂಟರ್ ಎಲ್ಲ ಚುಚ್ಚಿಡಿ. ಬ್ಯಾಗಿನಲ್ಲೇ ಉಳಿದ ವೈಫೈ ಡಾಂಗಲ್‌ಗೆ ಹೊಸ ಕರ್ನಲ್‌ನಲ್ಲಿ ಡ್ರೈವರ್ ಇರುವುದಿಲ್ಲ. ಲೋಕಲ್ ವರ್ಶನ್‌ಗೆ '-ಟೆಸ್ಟ್' ಎಂದು ಬಾಲ ಸೇರಿಸಿ. ಬಾಲವಿಲ್ಲದೆ ಅದೇ ವರ್ಶನ್ ಮತ್ತೊಮ್ಮೆ ಕಟ್ಟಿದರೆ ಹಿಂದಿನ ಮಾಡ್ಯೂಲ್‌ಗಳ ಮೇಲೆಯೇ ಹೊಸವು ಬಂದು ಕೂರುತ್ತವೆ. ಉಬುಂಟು ಕಾನ್ಫಿಗ್ ಆದರೆ ಸಿಸ್ಟಮ್ ಟ್ರಸ್ಟೆಡ್ ಕೀಸ್, ರಿವೊಕೇಶನ್ ಕೀಸ್ ಎರಡನ್ನೂ ಖಾಲಿ ಮಾಡಿ, ಇಲ್ಲದಿದ್ದರೆ ಕೆನಾನಿಕಲ್ (ಉಬುಂಟು ಹೊರತರುವ ಕಂಪನಿ) ಸರ್ಟಿಫಿಕೇಟ್ ಫೈಲ್ ಸಿಗಲಿಲ್ಲವೆಂದು ಬಿಲ್ಡ್ ನಿಲ್ಲುತ್ತದೆ.

ಈಗ 'ಮೇಕ್'. 8 ಥ್ರೆಡ್‌ನ ಲ್ಯಾಪ್‌ಟಾಪಿಗೆ ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ '-ಜೆ6' (ಒಟ್ಟಿಗೆ 6 ಕೆಲಸ) ಸಾಕು. ಮಳೆಗಾಲದಲ್ಲಿ ನಡುವೆ ಕರೆಂಟು ಹೋದರೆ ಗಾಬರಿ ಬೇಡ ಮಾರಾಯ್ರೆ, ಮತ್ತೆ 'ಮೇಕ್' ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಅರೆಬರೆಯಾದ ಆಬ್ಜೆಕ್ಟ್ ಫೈಲ್ ಎರರ್ ಕೊಟ್ಟರೆ ಅದೊಂದನ್ನು ಅಳಿಸಿ.

ಇನ್‌ಸ್ಟಾಲ್‌ಗೆ ಮೊದಲೇ ಗ್ರಬ್ ಸರಿಮಾಡಿಕೊಳ್ಳಿ, ಏಕೆಂದರೆ ಹೆಚ್ಚಿನ ವರ್ಶನ್ನಿನ ಕರ್ನಲ್ ತಾನಾಗಿ ಮೆನುವಿನ ಮೇಲೆ ಬರುತ್ತದೆ. ಗ್ರಬ್‌ನ ಸೆಟ್ಟಿಂಗ್ ಫೈಲಿನಲ್ಲಿ ಹೀಗಿರಲಿ: ಗ್ರಬ್ ಡಿಫಾಲ್ಟ್ 'ಸೇವ್ಡ್', ಟೈಮ್‌ಔಟ್ ಸ್ಟೈಲ್ 'ಮೆನು', ಟೈಮ್‌ಔಟ್ 10, ಕರ್ನಲ್ ಸಾಲಿಗೆ 'ಪ್ಯಾನಿಕ್=10' (ಪ್ಯಾನಿಕ್ ಎಂದರೆ ಕರ್ನಲ್ ಕುಸಿದು ನಿಲ್ಲುವುದು). 'ಗ್ರಬ್-ಸೆಟ್-ಡಿಫಾಲ್ಟ್'ನಲ್ಲಿ ಹಳೇ ಕರ್ನಲ್ ಹೆಸರು ಕೊಡಿ. ಆಮೇಲೆ, ಗುಡುಗು ನಿಂತಿದೆಯೆಂದು ನೋಡಿಕೊಂಡು, ಸುಡೋ ಸಹಿತ 'ಮೇಕ್ ಮಾಡ್ಯೂಲ್ಸ್_ಇನ್‌ಸ್ಟಾಲ್', 'ಮೇಕ್ ಇನ್‌ಸ್ಟಾಲ್'. ಮೊದಲನೆಯದಕ್ಕೆ 'ಇನ್‌ಸ್ಟಾಲ್_ಮಾಡ್_ಸ್ಟ್ರಿಪ್=1' ಸೇರಿಸಿ. ಡೀಬಗ್ ಮಾಹಿತಿ ತುಂಬಿದ ಇನಿಟ್‌ಆರ್‌ಡಿ (ಬೂಟ್ ಶುರುವಿನಲ್ಲಿ ಬೇಕಾಗುವ ಡ್ರೈವರ್‌ಗಳ ಕಟ್ಟು) ಸಣ್ಣ ಬೂಟ್ ಪಾರ್ಟಿಶನ್ನಿಗೆ ಹಿಡಿಸುವುದಿಲ್ಲ.

ಕೊನೆಗೆ ಟೆಸ್ಟ್ ಕರ್ನಲ್ ಹೆಸರಿಟ್ಟು 'ಗ್ರಬ್-ರೀಬೂಟ್', ಮತ್ತೆ ರೀಬೂಟ್. ಹೊಸದಕ್ಕೆ ಸಿಗುವುದು ಒಂದೇ ಅವಕಾಶ. ಪ್ಯಾನಿಕ್ ಆದರೆ 10 ಸೆಕೆಂಡಿನಲ್ಲಿ ಯಂತ್ರ ತಾನೇ ಮರಳಿ ಹಳೆಯದಕ್ಕೆ ಬರುತ್ತದೆ. ಮಂಗಳೂರಲ್ಲಿ ಕೂತು ಮಣಿಪಾಲದ ಯಂತ್ರ ರೀಬೂಟ್ ಮಾಡುವವರು 'ಪ್ಯಾನಿಕ್=10' ಮರೆತರೆ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಎಕ್ಸ್‌ಪ್ರೆಸ್ ಬಸ್ ಹತ್ತಬೇಕಾದೀತು. (ಪ್ಯಾನಿಕ್ ಆಗದೆ ಸುಮ್ಮನೆ ಹ್ಯಾಂಗ್ ಆದರೆ ಹೇಗೂ ಹತ್ತಬೇಕು.) ಬೂಟ್ ಡೈರೆಕ್ಟರಿ ಎಲ್‌ವಿಎಂ (ಡಿಸ್ಕಿನ ಜಾಗ ಹಂಚುವ ಒಂದು ವ್ಯವಸ್ಥೆ) ಮೇಲಿದ್ದರೆ ಈ ಉಪಾಯ ನಡೆಯದು. ಗ್ರಬ್‌ಗೆ ಅಲ್ಲಿ ಬರೆಯಲಾಗದು, ಪ್ರತಿ ಸಲವೂ ಟೆಸ್ಟ್ ಕರ್ನಲ್ಲೇ ಏಳುತ್ತದೆ.

'ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್' ಎಂದರೆ ಇನಿಟ್‌ಆರ್‌ಡಿ ಆಗಿಲ್ಲ, ಅಥವಾ ಡಿಸ್ಕಿನ ಡ್ರೈವರ್ ಬಿಟ್ಟುಹೋಗಿದೆ. 'ಬ್ಯಾಡ್ ಶಿಮ್ ಸಿಗ್ನೇಚರ್' ಬಂದರೆ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಕರ್ನಲ್ ತಡೆಯುವ ಸೆಟ್ಟಿಂಗ್) ಆಫ್ ಮಾಡಿ, ಇಲ್ಲವೇ ಕರ್ನಲ್‌ಗೆ ಸ್ವಂತ ಕೀಯಿಂದ ಸಹಿ ಹಾಕಿ.

ಬೇಡವಾದಾಗ ಬೂಟ್‌ನಲ್ಲಿ '-ಟೆಸ್ಟ್' ಬಾಲದ 4 ಫೈಲ್, ಲಿಬ್ ಮಾಡ್ಯೂಲ್ಸ್‌ನ ಅದೇ ಹೆಸರಿನ ಡೈರೆಕ್ಟರಿ ಅಳಿಸಿ, 'ಅಪ್‌ಡೇಟ್-ಗ್ರಬ್' ಓಡಿಸಿ.