ಫ್ರಿಜ್ ಕೆಟ್ಟಿತೇ? ಇವತ್ತೇ ಅಂಗಡಿಗೆ ಓಡಬೇಡಿ

ಕಳೆದ ಜೂನ್‌ನಲ್ಲಿ ಒಂದು ಬೆಳಿಗ್ಗೆ ಕುಮಟೆಯ ನಮ್ಮನೆ ಫ್ರಿಜ್ ಸುಮ್ಮನಾಯಿತು. ಲೈಟ್ ಉರಿಯುತ್ತಿದೆ, ಕೆಳಗೆ ನೀರು ಹರಿದಿದೆ. ಮೀನುಗಾರಿಕೆ ಬಂದ್ ಆಗುವ ಮುಂಚೆ ತಂದಿಟ್ಟಿದ್ದ ಶೆಟ್ಲಿ (ಸಿಗಡಿ) ಮೆತ್ತಗಾಗಿ ವಾಸನೆ ಶುರು. ಸಂಜೆಯೊಳಗೆ ಒಂದು ತಂದುಬಿಡೋಣ ಅನ್ನಿಸುವುದು ಸಹಜ. ಹಿಂದೊಮ್ಮೆ ಹಾಗೆ ಮಾಡಿ ಕೈ ಸುಟ್ಟುಕೊಂಡವಳು ನಾನು. ಅವಸರದಲ್ಲಿ ತಂದ ಸೆಕೆಂಡ್ ಹ್ಯಾಂಡ್ ಫ್ರಿಜ್ ಎರಡನೇ ಮಳೆಗಾಲ ದಾಟಲಿಲ್ಲ. ಈ ಸಲ ಹತ್ತು ದಿನ ತಡೆದೆ.

ಮೊದಲು ಹತ್ತು ದಿನ ಗಿಟ್ಟಿಸಿಕೊಳ್ಳಿ

ಮೀನು ತರುವ ಥರ್ಮೋಕೋಲ್ ಪೆಟ್ಟಿಗೆ ಒಂದು ಸಾಕು. ಮೀನು ಮಾರ್ಕೆಟ್ಟಿನಿಂದ ಐಸ್ ತಂದು ತುಂಬಿ, ಹಾಲು ಮತ್ತು ಫ್ರಿಜ್‌ನಲ್ಲೇ ಇಡಬೇಕಾದ ಔಷಧಿಯನ್ನು ನೀರು ತಾಗದ ಡಬ್ಬಿಯಲ್ಲಿ ಹಾಕಿ ಇಡಿ. ಔಷಧಿ ಐಸ್‌ಗೆ ನೇರ ತಾಗಿ ಹೆಪ್ಪುಗಟ್ಟಬಾರದು. ಸೊಪ್ಪಿಗೆ ಒದ್ದೆ ಬಟ್ಟೆ. ಹಿಟ್ಟು ಆಯಾ ದಿನಕ್ಕೆ ಬೇಕಾದಷ್ಟೇ ರುಬ್ಬಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಹೇಗೂ ಕಡಲಿಗಿಳಿಯುವುದಿಲ್ಲ. ಒಣಮೀನಿನ ಚಟ್ನಿಗೆ ಫ್ರೀಜರ್ ಯಾಕೆ ಬೇಕು ಹೇಳಿ?

ಆಮೇಲೆ, ನಿಜವಾಗಿ ಸತ್ತಿದೆಯೇ ನೋಡಿ

ಬೇರೆ ಪ್ಲಗ್‌ಗೆ ಹಾಕಿ ನೋಡಿ. ಲೈಟ್ ಇದ್ದು ಕಂಪ್ರೆಸರ್ ಸದ್ದೇ ಇಲ್ಲದಿದ್ದರೆ ಅದನ್ನು ಶುರುಮಾಡುವ ರಿಲೇ ಅಥವಾ ತಂಪು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಕೆಟ್ಟಿರಬಹುದು. ಇದು ಸಣ್ಣ ಖರ್ಚಿನ ರಿಪೇರಿ. ಬಾಗಿಲಿನ ರಬ್ಬರ್ ಸಡಿಲಾಗಿದೆಯೇ ತಿಳಿಯಲು ಒಂದು ನೋಟನ್ನು ಮಧ್ಯೆ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ರಬ್ಬರ್ ಬದಲಿಸಿದರೆ ಆಯಿತು.

ಕಂಪ್ರೆಸರ್ ಓಡುತ್ತಿದ್ದೂ ತಂಪಾಗದಿದ್ದರೆ ಮೆಕ್ಯಾನಿಕ್ ಸಾಮಾನ್ಯವಾಗಿ ಹೇಳುವ ಮಾತು, "ಗ್ಯಾಸ್ ಹೋಗಿದೆ ಅಕ್ಕೋರೆ, ತುಂಬಿಸಿದ್ರೆ ಸರಿ." ಇಲ್ಲಿ ಸ್ವಲ್ಪ ತಡೆಯಿರಿ. ಫ್ರಿಜ್‌ನ ಗ್ಯಾಸ್ ಸ್ಕೂಟರಿನ ಪೆಟ್ರೋಲ್ ಥರ ಉರಿದು ಖರ್ಚಾಗುವುದಲ್ಲ. ಒಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ತೂತಾಗಿದೆ. ತೂತು ಹುಡುಕದೆ ಗ್ಯಾಸ್ ತುಂಬಿಸುವುದು ತೂತು ಕೊಡಕ್ಕೆ ನೀರು ಹೊತ್ತ ಹಾಗೆ. ಕಡಲ ಉಪ್ಪುಗಾಳಿಗೆ ತುಕ್ಕು ಹಿಡಿದ ಪೈಪಾದರೆ, ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಸೋರುತ್ತದೆ. ನನ್ನ ಲೆಕ್ಕ ಇಷ್ಟೇ: ಫ್ರಿಜ್‌ಗೆ ಎಂಟು ವರ್ಷ ದಾಟಿದ್ದು, ರಿಪೇರಿಗೆ ಹೊಸದರ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕೇಳಿದರೆ ಬೇಡ.

ಸೆಕೆಂಡ್ ಹ್ಯಾಂಡ್ ಆದರೆ ಬಗ್ಗಿ ನೋಡಿ

ಎಲ್ಲರೂ ಬಾಗಿಲು ತೆಗೆದು ಒಳಗೆ ನೋಡುತ್ತಾರೆ. ನಮ್ಮ ಕರಾವಳಿಯಲ್ಲಿ ನೋಡಬೇಕಾದ್ದು ಅಡಿ ಮತ್ತು ಹಿಂಭಾಗ. ನಾನು ಮೋಸಹೋದ ಫ್ರಿಜ್‌ನ ತಳಕ್ಕೆ ಹೊಸ ಕಪ್ಪು ಬಣ್ಣ ಬಳಿದಿದ್ದರು. ಮನೆಗೆ ತಂದಮೇಲೆ ಉಗುರಿನಿಂದ ಕೆರೆದೆ. ಹಪ್ಪಳದ ಹಾಗೆ ತುಕ್ಕು ಪದರಪದರವಾಗಿ ಎದ್ದು ಬಂತು. ಆ ಕೆರೆಯುವ ಕೆಲಸ ಅಂಗಡಿಯಲ್ಲೇ ಮಾಡಿ, ಸಂಕೋಚ ಬೇಡ. ಫ್ರಿಜ್ ಬೆಳಿಗ್ಗೆಯಿಂದ ಓಡಲಿ, ಸಂಜೆ ಹೋಗಿ ನೀವಿಟ್ಟ ತಟ್ಟೆಯ ನೀರು ಗಟ್ಟಿ ಐಸ್ ಆಗಿದೆಯೇ ನೋಡಿ. ತಯಾರಾದ ವರ್ಷ ಸಾಮಾನ್ಯವಾಗಿ ಹಿಂದಿನ ಅಥವಾ ಒಳಗಿನ ಚೀಟಿಯಲ್ಲಿರುತ್ತದೆ. ಚೀಟಿ ಕಿತ್ತಿದ್ದರೆ ಮಾತೇ ಬೇಡ.

ಹೊಸದಾದರೆ ಸ್ಟಾರ್ ಅಲ್ಲ, ಯೂನಿಟ್ ಓದಿ

ನಾಲ್ಕು ಜನರ ಮನೆಗೆ 180–190 ಲೀಟರಿನ ಒಂದೇ ಬಾಗಿಲಿನದು ಸಾಕು. ಸ್ಟಾರ್ ಲೇಬಲ್‌ನಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ. ಒಂದು 200 ಯೂನಿಟ್, ಇನ್ನೊಂದು 140 ಯೂನಿಟ್ ಎಂದುಕೊಳ್ಳಿ. ವ್ಯತ್ಯಾಸ 60. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ಉಳಿಯುವುದು ವರ್ಷಕ್ಕೆ 360. ಅದಕ್ಕಾಗಿ 3,000 ಜಾಸ್ತಿ ಕೊಟ್ಟರೆ ವಸೂಲಿಗೆ ಎಂಟು ವರ್ಷಕ್ಕೂ ಜಾಸ್ತಿ ಬೇಕು. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಯಾದರೆ ಅದೂ ವಸೂಲಾಗದು. ಆದರೆ ನಿಮ್ಮ ಬಳಕೆ ಮಿತಿಯ ಅಂಚಿನಲ್ಲಿದ್ದರೆ ತಿಂಗಳಿಗೆ ಐದು ಯೂನಿಟ್ ಕೂಡ ಲೆಕ್ಕಕ್ಕೆ ಬರುತ್ತದೆ. ಹೆಸ್ಕಾಂ ಕರೆಂಟ್ ಬಿಲ್ ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ.

ಅಲ್ಲಿ ಮೂರು ಪ್ರಶ್ನೆ ಕೇಳಿ. ಹೋದ ವರ್ಷದ ಮಾಡೆಲ್ ಇದೆಯಾ? ಮೈ ಸ್ವಲ್ಪ ಜಜ್ಜಿದ್ದು ಇದೆಯಾ? ನಗದಾದರೆ ಎಷ್ಟು? ಮೂರನೆಯದನ್ನು ಬಡ್ಡಿಯಿಲ್ಲದ ಕಂತಿನ ಮಾತು ಬರುವ ಮೊದಲೇ ಕೇಳಬೇಕು. ನಗದಿನ ರಿಯಾಯಿತಿ ಬಿಟ್ಟು, ಪ್ರೊಸೆಸಿಂಗ್ ಫೀ ಕೊಟ್ಟಮೇಲೆ ಅದು ಬಡ್ಡಿಯೇ ಅಲ್ವಾ? ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಡುವ ಮುಂಚೆ ಗುಜರಿಯವರ ರೇಟೂ ಕೇಳಿಕೊಂಡಿರಿ.

ಮನೆಗೆ ತಂದ ದಿನ

ಟೆಂಪೋದಲ್ಲಿ ನಿಲ್ಲಿಸಿಯೇ ತರಿಸಿ. ಮಲಗಿಸಿ ತಂದಿದ್ದರೆ ಕೆಲವು ಗಂಟೆ ನೆಟ್ಟಗೆ ನಿಲ್ಲಿಸಿ, ಆಮೇಲೆ ಸ್ವಿಚ್ ಹಾಕಿ. ಗೋಡೆಯಿಂದ ಒಂದು ಗೇಣು ದೂರವಿರಲಿ, ಅಡಿಗೆ ಸ್ಟ್ಯಾಂಡ್ ಇರಲಿ. ಮಳೆಗಾಲದಲ್ಲಿ ನಮ್ಮ ನೆಲ ಬೆವರುತ್ತದೆ, ತುಕ್ಕು ಶುರುವಾಗುವುದೇ ಅಲ್ಲಿಂದ. ಕರೆಂಟ್ ಹೋಗಿ ಬಂದರೆ ಐದು ನಿಮಿಷ ಬಿಟ್ಟು ಸ್ವಿಚ್ ಹಾಕಿ. ತಿಂಗಳಿಗೊಮ್ಮೆ ಪ್ಲಗ್ ತೆಗೆದು, ಹಿಂದಿನ ಧೂಳು ಮತ್ತು ಉಪ್ಪಿನಂಟು ಒರೆಸಿ. ನಮ್ಮನೆಯಲ್ಲಿ ಅದಕ್ಕೆ ಅಮಾವಾಸ್ಯೆಯ ಮರುದಿನ ಗೊತ್ತು. ಐಸ್ ಪೆಟ್ಟಿಗೆ ಇನ್ನೂ ಅಟ್ಟದ ಮೇಲಿದೆ.