ಆಡಿದ್ದು ಎಲ್ಲಿ, ಮನೆ ಎಲ್ಲಿ? ಗಾಲ್ಫ್ ಆಟಗಾರರ ರಾಜ್ಯ ತೆರಿಗೆ ಲೆಕ್ಕ ಹಾಕುವ ಬಗೆ

2013ರ ಜನವರಿ. ಕ್ಯಾಲಿಫೋರ್ನಿಯಾದ ಲಾ ಕಿಂಟಾದಲ್ಲಿ ಪಂದ್ಯಾವಳಿ ಮುಗಿಸಿ ಬಂದ ಗಾಲ್ಫ್ ಆಟಗಾರ ಫಿಲ್ ಮಿಕಲ್ಸನ್ ಪತ್ರಕರ್ತರ ಮುಂದೆ ತೆರಿಗೆಯ ಮಾತು ಎತ್ತಿದರು. ಎಲ್ಲ ತೆರಿಗೆ ಸೇರಿದರೆ ದುಡಿಮೆಯ ಶೇ 60ಕ್ಕೂ ಜಾಸ್ತಿ ಹೋಗುತ್ತಿದೆ, ಇನ್ನು ದೊಡ್ಡ ಬದಲಾವಣೆ ಮಾಡಿಕೊಳ್ಳಬೇಕಾಗುತ್ತದೆ ಎಂದರು. ಅದಕ್ಕೆ ಎರಡು ತಿಂಗಳು ಮುಂಚೆಯಷ್ಟೇ ಕ್ಯಾಲಿಫೋರ್ನಿಯಾದ ಮತದಾರರು ರಾಜ್ಯದ ಆದಾಯ ತೆರಿಗೆಯ ಮೇಲಿನ ದರವನ್ನು ಶೇ 10.3ರಿಂದ 13.3ಕ್ಕೆ ಏರಿಸಿದ್ದರು. ಕೋಟ್ಯಧಿಪತಿ ತೆರಿಗೆಗೆ ಗೊಣಗುತ್ತಾನೆ ಎಂದು ಜನ ಸಿಟ್ಟಾದರು. ಕೆಲವೇ ದಿನಗಳಲ್ಲಿ ಮಿಕಲ್ಸನ್ ಕ್ಷಮೆ ಕೇಳಿದರು. ಅದೇ ವಾರ ಟೈಗರ್ ವುಡ್ಸ್ ಕೂಡ ಬಾಯಿಬಿಟ್ಟರು: ತಾನು ಹುಟ್ಟಿ ಬೆಳೆದ ಕ್ಯಾಲಿಫೋರ್ನಿಯಾವನ್ನು 1996ರಲ್ಲೇ ಬಿಟ್ಟು ಫ್ಲಾರಿಡಾಕ್ಕೆ ಹೋದದ್ದಕ್ಕೆ ತೆರಿಗೆಯೂ ಒಂದು ಕಾರಣ ಎಂದು.

ಇದನ್ನು ಕೇಳಿದವರು ಸಾಮಾನ್ಯವಾಗಿ ಒಂದು ತಪ್ಪು ತೀರ್ಮಾನಕ್ಕೆ ಬರುತ್ತಾರೆ. ಫ್ಲಾರಿಡಾದಲ್ಲಿ ಮನೆ ಮಾಡಿಬಿಟ್ಟರೆ ರಾಜ್ಯ ತೆರಿಗೆ ಪೂರ್ತಿ ತಪ್ಪುತ್ತದೆ ಅಂತ. ಹಾಗಲ್ಲ. ಆಟಗಾರನ ಹಣದ ಮೇಲೆ ಇಬ್ಬರ ಕಣ್ಣಿರುತ್ತದೆ. ಆಡಿದ ರಾಜ್ಯದ್ದು ಒಂದು, ಮನೆಯಿರುವ ರಾಜ್ಯದ್ದು ಇನ್ನೊಂದು. ಮನೆ ಬದಲಿಸಿದರೆ ಎರಡನೆಯದು ಮಾತ್ರ ತಪ್ಪುತ್ತದೆ. ಲೆಕ್ಕವನ್ನು ಒಂದೊಂದೇ ಹೆಜ್ಜೆಯಾಗಿ ಹಾಕಿ ನೋಡೋಣ.

ಮೊದಲ ಹೆಜ್ಜೆ: ಯಾವ ರಾಜ್ಯ ಎಷ್ಟು ಕೇಳುತ್ತದೆ?

ನಮ್ಮಲ್ಲಿ ಸಂಬಳದ ಮೇಲೆ ರಾಜ್ಯ ಸರ್ಕಾರ ಹಾಕುವುದು ವೃತ್ತಿ ತೆರಿಗೆ. ಸಂವಿಧಾನದ ಪ್ರಕಾರ ಅದು ವರ್ಷಕ್ಕೆ 2,500 ರೂಪಾಯಿ ದಾಟುವಂತಿಲ್ಲ. ಹಾಗಾಗಿ ನಮಗೆ ಇದರ ಬಿಸಿ ತಟ್ಟುವುದಿಲ್ಲ. ಅಮೆರಿಕದಲ್ಲಿ ಕೇಂದ್ರದ ತೆರಿಗೆಯೇ ಮೇಲಿನ ಹಂತದಲ್ಲಿ ಶೇ 37. ಅದರ ಮೇಲೆ ರಾಜ್ಯದ್ದು ಬೇರೆ. ಫ್ಲಾರಿಡಾ, ಟೆಕ್ಸಸ್, ನೆವಾಡಾ, ಟೆನೆಸಿಗಳಲ್ಲಿ ದುಡಿಮೆಯ ಮೇಲೆ ರಾಜ್ಯ ತೆರಿಗೆ ಸೊನ್ನೆ. ಅರಿಜೋನಾದಲ್ಲಿ 2023ರಿಂದ ಎಲ್ಲರಿಗೂ ಒಂದೇ ದರ, ಶೇ 2.5. ಪೆನ್ಸಿಲ್ವೇನಿಯಾದಲ್ಲಿ ಶೇ 3.07. ಜಾರ್ಜಿಯಾದಲ್ಲಿ ಸುಮಾರು 5. ಮಿನೆಸೋಟಾದಲ್ಲಿ ಮೇಲಿನ ದರ 9.85, ಹವಾಯಿಯಲ್ಲಿ 11, ಕ್ಯಾಲಿಫೋರ್ನಿಯಾದಲ್ಲಿ 13.3.

ಎರಡನೇ ಹೆಜ್ಜೆ: ಬಹುಮಾನದ ಹಣವನ್ನು ಆಡಿದ ಊರಿನ ಹೆಸರಲ್ಲಿ ಬರೆಯಿರಿ

ಬಹುಮಾನ ಯಾವ ರಾಜ್ಯದ ಮೈದಾನದಲ್ಲಿ ಬಂತೋ, ಅದರ ಮೇಲೆ ಮೊದಲ ಹಕ್ಕು ಆ ರಾಜ್ಯದ್ದು. ಆಟಗಾರ ಎಲ್ಲಿಯವನಾದರೂ ಸರಿ. ಆದ್ದರಿಂದ ವರ್ಷದ ವೇಳಾಪಟ್ಟಿಯನ್ನು ಎದುರಿಗೆ ಇಟ್ಟುಕೊಂಡು, ಪ್ರತಿ ಪಂದ್ಯಾವಳಿಯ ಪಕ್ಕದಲ್ಲಿ ರಾಜ್ಯದ ಹೆಸರು ಬರೆಯಬೇಕು. ಪೆಬಲ್ ಬೀಚ್, ಟೊರಿ ಪೈನ್ಸ್, ಲಾಸ್ ಏಂಜಲೀಸ್‌ನ ರಿವಿಯೆರಾ ಎಲ್ಲವೂ ಕ್ಯಾಲಿಫೋರ್ನಿಯಾ. ಮಾಸ್ಟರ್ಸ್ ನಡೆಯುವ ಅಗಸ್ಟಾ ಜಾರ್ಜಿಯಾ. ಪ್ಲೇಯರ್ಸ್ ಚಾಂಪಿಯನ್‌ಶಿಪ್ ನಡೆಯುವ ಸಾಗ್ರಾಸ್ ಫ್ಲಾರಿಡಾ. ಮೆಂಫಿಸ್ ಪಂದ್ಯಾವಳಿ ಟೆನೆಸಿ.

ಹಿಂದೆ ಬೆಂಗಳೂರಿನಲ್ಲಿ ನೆಲೆಸಿ ಆಡುತ್ತಿದ್ದ ಅನಿರ್ಬನ್ ಲಾಹಿರಿ 2022ರ ಪ್ಲೇಯರ್ಸ್‌ನಲ್ಲಿ ಒಂದೇ ಒಂದು ಹೊಡೆತದಿಂದ ಎರಡನೆಯವರಾದರು. ನಮಗೆಲ್ಲ ಉಸಿರು ಬಿಗಿಹಿಡಿಸಿದ ಸೋಮವಾರ ಅದು. ಅವರಿಗೆ ಸಿಕ್ಕಿದ್ದು 21.8 ಲಕ್ಷ ಡಾಲರ್. ಆಡಿದ್ದು ಫ್ಲಾರಿಡಾದಲ್ಲಿ, ಹಾಗಾಗಿ ಆಡಿದ ರಾಜ್ಯ ಕೇಳಿದ್ದು ಸೊನ್ನೆ. ಅಷ್ಟೇ ಹಣ ರಿವಿಯೆರಾದಲ್ಲಿ ಬಂದಿದ್ದರೆ, ಖರ್ಚು ಕಳೆಯುವ ಮೊದಲಿನ ಲೆಕ್ಕದಲ್ಲಿ ಕ್ಯಾಲಿಫೋರ್ನಿಯಾಕ್ಕೆ ಸುಮಾರು ಎರಡೂವರೆ ಲಕ್ಷ ಡಾಲರ್ ಹೋಗುತ್ತಿತ್ತು.

ಹೊರಗಿನವರು ಕೊಡದೆ ಹೋಗಿಬಿಟ್ಟರೆ? ಅದಕ್ಕೂ ದಾರಿ ಮಾಡಿಕೊಂಡಿದ್ದಾರೆ. ರಾಜ್ಯದಲ್ಲಿ ವಾಸವಿಲ್ಲದವರಿಗೆ ವರ್ಷಕ್ಕೆ 1,500 ಡಾಲರ್‌ಗಿಂತ ಜಾಸ್ತಿ ಹಣ ಕೊಡುವವರು ಶೇ 7ನ್ನು ಮೊದಲೇ ಹಿಡಿದು ಕಟ್ಟಬೇಕು ಎನ್ನುವುದು ಕ್ಯಾಲಿಫೋರ್ನಿಯಾದ ನಿಯಮ. ನಮ್ಮ ಟಿಡಿಎಸ್ ಇದ್ದ ಹಾಗೆ. ಆಟಗಾರ ಆಮೇಲೆ ರಿಟರ್ನ್ ಸಲ್ಲಿಸಿ ಬಾಕಿ ಕಟ್ಟುತ್ತಾನೆ, ಇಲ್ಲವೇ ಜಾಸ್ತಿಯಾಗಿದ್ದರೆ ವಾಪಸ್ ಪಡೆಯುತ್ತಾನೆ.

ಈ ಪದ್ಧತಿಗೆ ಅಲ್ಲಿಯ ಜನ ಜಾಕ್ ಟ್ಯಾಕ್ಸ್, ಅಂದರೆ ಕ್ರೀಡಾಪಟು ತೆರಿಗೆ, ಎನ್ನುತ್ತಾರೆ. 1991ರಲ್ಲಿ ಮೈಕಲ್ ಜೋರ್ಡನ್ ಅವರ ಶಿಕಾಗೊ ಬುಲ್ಸ್ ಬ್ಯಾಸ್ಕೆಟ್‌ಬಾಲ್ ತಂಡ ಲಾಸ್ ಏಂಜಲೀಸ್‌ಗೆ ಹೋಗಿ ಲೇಕರ್ಸ್ ತಂಡವನ್ನು ಸೋಲಿಸಿತು. ಕ್ಯಾಲಿಫೋರ್ನಿಯಾ ಬುಲ್ಸ್ ಆಟಗಾರರಿಂದ ತೆರಿಗೆ ಕೇಳಿತು. ಶಿಕಾಗೊ ಇರುವ ಇಲಿನಾಯ್ ರಾಜ್ಯ ಸುಮ್ಮನಿರಲಿಲ್ಲ. ನಮ್ಮವರಿಗೆ ತೆರಿಗೆ ಹಾಕುವ ರಾಜ್ಯದ ಆಟಗಾರರಿಗೆ ನಾವೂ ಹಾಕುತ್ತೇವೆ ಎಂದು ಕಾನೂನು ತಂದಿತು. ಅಲ್ಲಿಂದ ಒಂದರ ಹಿಂದೆ ಒಂದು ರಾಜ್ಯ ಸಾಲು ಹಿಡಿಯಿತು.

ಮೂರನೇ ಹೆಜ್ಜೆ: ಖರ್ಚು ಕಳೆಯಿರಿ

ಗಾಲ್ಫ್ ಆಟಗಾರ ಯಾರ ನೌಕರನೂ ಅಲ್ಲ, ಸ್ವಂತ ಉದ್ಯೋಗಿ. ವಿಮಾನ, ಹೋಟೆಲು, ಕೋಚ್, ಕ್ಯಾಡಿ (ಆಟದ ಚೀಲ ಹೊರುವ ಸಹಾಯಕ) ಎಲ್ಲದರ ಖರ್ಚು ಅವನದೇ. ಗೆದ್ದರೆ ಬಹುಮಾನದ ಶೇ 10ರಷ್ಟು ಕ್ಯಾಡಿಗೆ ಕೊಡುವುದು ರೂಢಿ. ಇವನ್ನೆಲ್ಲ ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ. ಕಟ್ ದಾಟದೆ, ಅಂದರೆ ಕೊನೆಯ ಸುತ್ತುಗಳಿಗೆ ಅರ್ಹನಾಗದೆ, ನಡುವೆಯೇ ಹೊರಬಿದ್ದವನಿಗೆ ಸಾಮಾನ್ಯವಾಗಿ ಆ ವಾರ ಆದಾಯವೇ ಇಲ್ಲ, ಖರ್ಚು ಮಾತ್ರ. ಆ ಬಿಲ್ಲುಗಳನ್ನೂ ಎತ್ತಿಡಬೇಕು.

ನಾಲ್ಕನೇ ಹೆಜ್ಜೆ: ಮನೆಯ ರಾಜ್ಯದ ಲೆಕ್ಕ

ನಿಜವಾದ ವ್ಯತ್ಯಾಸ ಹುಟ್ಟುವುದು ಇಲ್ಲಿ. ಮನೆಯಿರುವ ರಾಜ್ಯ ನಿಮ್ಮ ಇಡೀ ಆದಾಯಕ್ಕೆ ತೆರಿಗೆ ಹಾಕುತ್ತದೆ, ಅದು ಎಲ್ಲಿಂದಲೇ ಬಂದಿರಲಿ. ಒಂದೇ ಹಣಕ್ಕೆ ಎರಡು ರಾಜ್ಯ ತೆರಿಗೆ ಹಾಕಿದಾಗ, ಆಡಿದ ರಾಜ್ಯದಲ್ಲಿ ಕಟ್ಟಿದ್ದನ್ನು ಮನೆಯ ರಾಜ್ಯ ವಜಾ ಮಾಡಿಕೊಡುತ್ತದೆ. ಆದರೆ ತನ್ನ ದರದ ಮಿತಿಯೊಳಗೆ ಮಾತ್ರ.

ಒಂದು ಉದಾಹರಣೆ ಹಿಡಿಯೋಣ. ಖರ್ಚು ಕಳೆದು ಒಬ್ಬ ಆಟಗಾರನಿಗೆ ವರ್ಷಕ್ಕೆ 40 ಲಕ್ಷ ಡಾಲರ್ ಉಳಿಯಿತು ಎಂದುಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಗೆದ್ದದ್ದು 10 ಲಕ್ಷ, ಟೆಕ್ಸಸ್‌ನಲ್ಲಿ 8, ಫ್ಲಾರಿಡಾದಲ್ಲಿ 7, ಜಾರ್ಜಿಯಾದಲ್ಲಿ 5. ಉಳಿದ 10 ಲಕ್ಷ ಜಾಹೀರಾತಿನದು. ಕ್ಯಾಲಿಫೋರ್ನಿಯಾದ ತೆರಿಗೆ ಹಂತ ಹಂತವಾಗಿ ಏರುವುದರಿಂದ ಸರಾಸರಿ ಶೇ 12 ಎಂದಿಟ್ಟುಕೊಳ್ಳೋಣ. ಜಾರ್ಜಿಯಾಕ್ಕೆ ಶೇ 5.

ಮನೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ ಇದ್ದರೆ ಇಡೀ 40 ಲಕ್ಷದ ಮೇಲೆ 4,80,000 ಡಾಲರ್. ಜಾರ್ಜಿಯಾಕ್ಕೆ ಕಟ್ಟಿದ 25,000 ವಜಾ ಆಗುತ್ತದೆ, ಆದರೆ ಕೈಯಿಂದ ಹೋದ ಒಟ್ಟು ಮೊತ್ತ ಅದೇ 4,80,000. ಟೆಕ್ಸಸ್‌ನಲ್ಲಿ ಆಡಿದ್ದಕ್ಕೂ ಏನೂ ಉಳಿಯಲಿಲ್ಲ. ಅಲ್ಲಿ ಕಟ್ಟದೆ ಬಿಟ್ಟ ತೆರಿಗೆಯನ್ನು ಮನೆಯ ರಾಜ್ಯ ವಸೂಲಿ ಮಾಡಿತು.

ಮನೆ ಫ್ಲಾರಿಡಾದ ಜುಪಿಟರ್‌ನಲ್ಲಿ ಇದ್ದರೆ ಕ್ಯಾಲಿಫೋರ್ನಿಯಾಕ್ಕೆ ಅಲ್ಲಿ ಗೆದ್ದ 10 ಲಕ್ಷದ ಮೇಲೆ 1,20,000. ಜಾರ್ಜಿಯಾಕ್ಕೆ 25,000. ಒಟ್ಟು 1,45,000. ಉಳಿತಾಯ 3,35,000 ಡಾಲರ್. ಆದರೆ ಸೊನ್ನೆಯಂತೂ ಆಗಲಿಲ್ಲ, ಅಲ್ವಾ? ಇನ್ನೊಂದು ಸೂಕ್ಷ್ಮ ಇದೆ. ಗೆದ್ದದ್ದು 10 ಲಕ್ಷವೇ ಆದರೂ ಕ್ಯಾಲಿಫೋರ್ನಿಯಾ ದರ ಗೊತ್ತುಮಾಡುವುದು ಇಡೀ 40 ಲಕ್ಷ ನೋಡಿ. ಹೊರಗಿನವನು ಎಂದು ಕೆಳಗಿನ ಹಂತದ ದರ ಸಿಗುವುದಿಲ್ಲ.

2017ರವರೆಗೆ ರಾಜ್ಯಕ್ಕೆ ಕಟ್ಟಿದ ತೆರಿಗೆಯನ್ನು ಕೇಂದ್ರದ ಲೆಕ್ಕದಲ್ಲಿ ಕಳೆಯಲು ಮಿತಿಯೇ ಇರಲಿಲ್ಲ. ಹಾಗಾಗಿ ಪೆಟ್ಟು ಸ್ವಲ್ಪ ಹಗುರವಾಗುತ್ತಿತ್ತು. 2018ರಿಂದ ಅದಕ್ಕೆ 10,000 ಡಾಲರ್ ಮಿತಿ ಬಂತು. 2025ರಲ್ಲಿ ಮಿತಿ ಏರಿಸಿದರೂ ಇಷ್ಟು ದೊಡ್ಡ ಆದಾಯದವರಿಗೆ ಅದು ಮತ್ತೆ 10,000ಕ್ಕೇ ಇಳಿಯುತ್ತದೆ. ಮನೆ ಎಲ್ಲಿರಬೇಕು ಎನ್ನುವ ಪ್ರಶ್ನೆಗೆ ಹೊಸದಾಗಿ ತೂಕ ಬಂದದ್ದು ಇದರಿಂದಲೇ ಎಂದು ನನ್ನ ಅನಿಸಿಕೆ.

ಐದನೇ ಹೆಜ್ಜೆ: ಜಾಹೀರಾತಿನ ಹಣವನ್ನು ಬೇರೆ ಇಡಿ

ಹೆಸರು, ಮುಖ ಬಳಸಿಕೊಳ್ಳಲು ಕಂಪನಿ ಕೊಡುವ ಹಣ ಸಾಮಾನ್ಯವಾಗಿ ಮನೆಯ ರಾಜ್ಯದ ಪಾಲು. ಆಟಗಾರ ಖುದ್ದಾಗಿ ಹೋಗಿ ಮಾಡಿಕೊಡುವ ಕೆಲಸಕ್ಕೆ ಬರುವ ಹಣ ಕೆಲಸ ಮಾಡಿದ ಜಾಗದ್ದು. ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲ. ಸ್ವಿಟ್ಜರ್‌ಲೆಂಡ್‌ನಲ್ಲಿ ವಾಸವಿದ್ದ ಗಾಲ್ಫ್ ಆಟಗಾರ ಸರ್ಜಿಯೊ ಗಾರ್ಸಿಯಾ, ಗಾಲ್ಫ್ ಉಪಕರಣ ಮಾಡುವ ಟೇಲರ್‌ಮೇಡ್ ಕಂಪನಿಯಿಂದ ಬಂದ ಹಣದಲ್ಲಿ ಶೇ 85 ಹೆಸರಿನದು, 15 ಕೆಲಸದ್ದು ಎಂದಿದ್ದರು. 2013ರಲ್ಲಿ ಅಮೆರಿಕದ ತೆರಿಗೆ ನ್ಯಾಯಾಲಯ 65 ಮತ್ತು 35 ಎಂದು ತೀರ್ಪು ಕೊಟ್ಟಿತು. ಅದಕ್ಕೂ ಮುಂಚೆ, 2011ರಲ್ಲಿ, ಇನ್ನೊಬ್ಬ ಗಾಲ್ಫ್ ಆಟಗಾರ ರೆಟೀಫ್ ಗೂಸನ್ ಪ್ರಕರಣದಲ್ಲಿ ಕಂಪನಿಗಳ ಉಪಕರಣ, ಬಟ್ಟೆ ಬಳಸುವ ಒಪ್ಪಂದಗಳಿಗೆ ಅರ್ಧ ಅರ್ಧ ಎಂದಿತ್ತು. ಇವು ಕೇಂದ್ರದ ತೆರಿಗೆಯ ಪ್ರಕರಣಗಳು. ಆದರೂ ಒಪ್ಪಂದಕ್ಕೆ ಸಹಿ ಹಾಕುವ ದಿನವೇ ಪಾಲು ಸರಿಯಾಗಿ ಬರೆಸಿಕೊಳ್ಳಬೇಕು ಎನ್ನುವುದು ರಾಜ್ಯದ ಲೆಕ್ಕಕ್ಕೂ ಹೊಂದುವ ಮಾತು.

ಆರನೇ ಹೆಜ್ಜೆ: ಮನೆ ಬದಲಿಸುವುದಾದರೆ ನಿಜವಾಗಿಯೂ ಬದಲಿಸಿ

ಬೇಸ್‌ಬಾಲ್ ಆಟಗಾರನಿಗೆ ತವರು ಮೈದಾನ ಅಂತ ಒಂದಿರುತ್ತದೆ. ಅರ್ಧ ಪಂದ್ಯ ಅಲ್ಲೇ. ಗಾಲ್ಫ್ ಆಟಗಾರನಿಗೆ ಅಂಥ ಕಟ್ಟಿಲ್ಲ. ವಿಮಾನ ನಿಲ್ದಾಣ, ಅಭ್ಯಾಸದ ಮೈದಾನ ಹತ್ತಿರ ಇದ್ದರೆ ಎಲ್ಲಿ ಬೇಕಾದರೂ ಇರಬಹುದು. ರೋರಿ ಮೆಕಿಲ್ರಾಯ್, ಜಸ್ಟಿನ್ ಥಾಮಸ್, ರಿಕಿ ಫೌಲರ್ ಇವರೆಲ್ಲ ಜುಪಿಟರ್ ಸುತ್ತಮುತ್ತ ನೆಲೆಸಿದ್ದು ಬರೀ ತೆರಿಗೆಗೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಚಳಿಗಾಲದಲ್ಲೂ ಬಿಸಿಲು, ಒಳ್ಳೊಳ್ಳೆಯ ಮೈದಾನ, ಪಕ್ಕದ ಬೀದಿಯಲ್ಲೇ ಜೊತೆಗೆ ಆಡಲು ಸರಿಸಮಾನರು. ಇದೂ ದೊಡ್ಡ ಸೆಳೆತ.

ಬಿಟ್ಟುಹೋದ ರಾಜ್ಯ ಸುಲಭಕ್ಕೆ ನಂಬುವುದಿಲ್ಲ. ಗಿಲ್ಬರ್ಟ್ ಹಯಾಟ್ ಎಂಬ ಸಂಶೋಧಕರ ಕಥೆ ನೋಡಿ. 1991ರಲ್ಲೇ ಕ್ಯಾಲಿಫೋರ್ನಿಯಾ ಬಿಟ್ಟು ನೆವಾಡಾದ ಲಾಸ್ ವೇಗಸ್‌ಗೆ ಹೋದೆ ಎಂದರು. ಇಲ್ಲ, ಹೋದದ್ದು 1992ರಲ್ಲಿ ಎಂದು ತೆರಿಗೆ ಇಲಾಖೆ ಪಟ್ಟು ಹಿಡಿಯಿತು. ಕೆಲವೇ ತಿಂಗಳ ವ್ಯತ್ಯಾಸದ ಈ ಜಗಳದಿಂದ ಹುಟ್ಟಿದ ಮೊಕದ್ದಮೆ ಅಮೆರಿಕದ ಸುಪ್ರೀಂ ಕೋರ್ಟಿಗೆ ಮೂರು ಸಲ ಹೋಯಿತು. ಮೂರನೇ ತೀರ್ಪು ಬಂದಾಗ 2019.

ಆದ್ದರಿಂದ ಹೊಸ ರಾಜ್ಯದಲ್ಲಿ 183 ದಿನ, ಅಂದರೆ ಅರ್ಧ ವರ್ಷಕ್ಕಿಂತ ತುಸು ಜಾಸ್ತಿ, ಎಣಿಸಿದರೆ ಸಾಕು ಎಂದು ಕೂರಬೇಡಿ. ಮನೆ, ಹೆಂಡತಿ ಮಕ್ಕಳು, ಶಾಲೆ, ವೈದ್ಯರು, ಬ್ಯಾಂಕು, ಕಾರು, ಮತದಾರರ ಪಟ್ಟಿ ಎಲ್ಲವೂ ಹೊಸ ಊರಿನಲ್ಲಿದೆಯೇ ಎಂದು ನೋಡುತ್ತಾರೆ. ಫ್ಲಾರಿಡಾದಲ್ಲಿ ಇದೇ ನನ್ನ ಕಾಯಂ ಊರು ಎಂದು ಕೌಂಟಿ ಕಚೇರಿಯಲ್ಲಿ ಘೋಷಣೆ ಸಲ್ಲಿಸಬಹುದು. ಚಾಲನಾ ಪರವಾನಗಿ ಬದಲಿಸಿ. ಪ್ರಯಾಣದ ದಿನಚರಿ ಬರೆದಿಡಿ, ವಿಮಾನದ ಟಿಕೆಟ್ ಸಮೇತ. ಹಳೆಯ ಊರಿನ ದೊಡ್ಡ ಮನೆ ಹಾಗೇ ಇಟ್ಟುಕೊಂಡು ಹೊಸ ಊರಲ್ಲಿ ಪುಟ್ಟ ಫ್ಲ್ಯಾಟ್ ಬಾಡಿಗೆ ಹಿಡಿದರೆ ಅನುಮಾನ ಏಳುವುದು ಸಹಜ. ಕ್ಯಾಲಿಫೋರ್ನಿಯಾದ ಬೇ ಏರಿಯಾದಿಂದ ಟೆಕ್ಸಸ್‌ನ ಆಸ್ಟಿನ್‌ಗೆ ಹೊರಡುವ ನಮ್ಮ ಸಾಫ್ಟ್‌ವೇರ್ ಹುಡುಗ ಹುಡುಗಿಯರಿಗೂ ಇದೇ ಪಾಠ ಅನ್ವಯ. ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡುತ್ತಿದ್ದಾಗ ಕಂಪನಿ ಕೊಡಲು ಒಪ್ಪಿದ ಷೇರುಗಳು ಟೆಕ್ಸಸ್‌ಗೆ ಹೋದ ಮೇಲೆ ಕೈಗೆ ಬಂದರೂ, ಕ್ಯಾಲಿಫೋರ್ನಿಯಾದಲ್ಲಿ ದುಡಿದ ದಿನಗಳ ಪಾಲಿಗೆ ಆ ರಾಜ್ಯ ತೆರಿಗೆ ಕೇಳುತ್ತದೆ. ಟೆಕ್ಸಸ್‌ನಲ್ಲಿ ಮನೆ ಕೊಳ್ಳುವವರು ಅಲ್ಲಿಯ ಆಸ್ತಿ ತೆರಿಗೆ ಜೋರಾಗಿದೆ ಎನ್ನುವುದನ್ನೂ ಮರೆಯಬಾರದು.

ಭಾರತದಲ್ಲೇ ಮನೆ ಇರುವ ಆಟಗಾರರಿಗೆ

ಇಲ್ಲಿ ವಾಸವಿದ್ದು ಅಲ್ಲಿ ಆಡುವವರು ಒಂದು ವಿಷಯ ತಿಳಿದಿರಬೇಕು. ಎರಡು ಬಾರಿ ತೆರಿಗೆ ತಪ್ಪಿಸಲು ಭಾರತ ಮತ್ತು ಅಮೆರಿಕದ ನಡುವೆ ಒಪ್ಪಂದ ಇದೆ. ಆದರೆ ಅದು ಅಮೆರಿಕದ ಕೇಂದ್ರ ತೆರಿಗೆಗೆ ಸಂಬಂಧಿಸಿದ್ದು, ಕ್ಯಾಲಿಫೋರ್ನಿಯಾ ಅದಕ್ಕೆ ಕಟ್ಟುಬಿದ್ದಿಲ್ಲ. ಹಾಗಾದರೆ ಅಲ್ಲಿಯ ರಾಜ್ಯಕ್ಕೆ ಕಟ್ಟಿದ್ದು ಪೂರ್ತಿ ಕೈಬಿಟ್ಟ ಹಾಗೆಯೇ? ಇಲ್ಲ. 2015ರಲ್ಲಿ ವಿಪ್ರೊ ಪ್ರಕರಣದಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್, ಅಮೆರಿಕದ ರಾಜ್ಯಗಳಿಗೆ ಕಟ್ಟಿದ ಆದಾಯ ತೆರಿಗೆಗೂ ಭಾರತದ ಲೆಕ್ಕದಲ್ಲಿ ವಜಾ ಕೇಳಬಹುದು ಎಂದು ಹೇಳಿದೆ. ಆದ್ದರಿಂದ ಅಲ್ಲಿ ಶೇ 7 ಹಿಡಿದುಕೊಂಡಾಗ ಕೊಡುವ ಚೀಟಿ, ರಾಜ್ಯದ ರಿಟರ್ನ್‌ನ ಪ್ರತಿ, ಹಣ ಕಟ್ಟಿದ ರಸೀದಿ ಮೂರನ್ನೂ ಜೋಪಾನವಾಗಿ ತಂದು ಇಲ್ಲಿಯ ಲೆಕ್ಕಪರಿಶೋಧಕರ ಕೈಗೆ ಕೊಡಿ.