ಲೂರ್ ಆರಿಸುವಾಗ ಬಣ್ಣ ಕೊನೆಗೆ ನೋಡಿ

ನನ್ನ ತಮ್ಮನ ಮಗಳಿಗೆ ಈಗ 14 ವರ್ಷ. ಹೋದ ವರ್ಷದಿಂದ ನನ್ನ ಜೊತೆ ಗಾಳ ಹಾಕಲು ಬರುತ್ತಾಳೆ. ದಡ ಮುಟ್ಟಿದ ತಕ್ಷಣ ನನ್ನ ಲೂರ್‌ಗಳ, ಅಂದರೆ ಕೃತಕ ಎರೆಗಳ, ಪೆಟ್ಟಿಗೆ ತೆರೆದು, "ಅತ್ತೆ, ಇವತ್ತು ಯಾವ ಬಣ್ಣ ಕಟ್ಟಲಿ?" ಅಂತ ಕೇಳುತ್ತಾಳೆ. ನಾನು ಪ್ರತಿ ಸಲ ಕೇಳುವುದು ಒಂದೇ: "ಮೀನು ಎಷ್ಟು ಆಳದಲ್ಲಿದೆ ಹೇಳು, ಆಮೇಲೆ ಕಟ್ಟೋಣ."

ಈ ಪ್ರಶ್ನೆ ನನಗೆ ಹೊಳೆದದ್ದು ತಡವಾಗಿ. ಒಂದು ಬೆಳಿಗ್ಗೆ ಎರಡು ಗಂಟೆ ಕಾಲ ತೇಲುವ ಲೂರ್ ಎಸೆಯುತ್ತಾ ನಿಂತಿದ್ದೆ. ಒಂದೇ ಆಕಾರ, ಏಳು ಬಣ್ಣ. ಒಂದಾದ ಮೇಲೊಂದು ಬದಲಾಯಿಸಿದೆ. ಒಂದು ಮೀನೂ ಮುಟ್ಟಲಿಲ್ಲ. ಪಕ್ಕದಲ್ಲಿದ್ದ ಗೆಳತಿ ಮೊದಲಿನಿಂದ ಕೊನೆಯವರೆಗೂ ಒಂದೇ ಬೆಳ್ಳಿ ಬಣ್ಣದ ಸ್ಪೂನ್ (ಚಮಚದಾಕಾರದ ಲೂರ್) ಹಾಕಿದಳು. ಆದರೆ ಎಸೆದ ಮೇಲೆ ಸುಮ್ನೆ ಆರರವರೆಗೆ ಎಣಿಸಿ, ಅದು ಕೆಳಗಿಳಿದ ಮೇಲೆ ದಾರ ಸುತ್ತುವ ರೀಲ್ ತಿರುಗಿಸುತ್ತಿದ್ದಳು. ನಾಲ್ಕು ಮೀನು ಹಿಡಿದಳು. ಮೀನುಗಳು ಕೆಳಗಿದ್ದವು, ನನ್ನ ಲೂರ್ ಮೇಲಿತ್ತು. ಅಷ್ಟೇ ವ್ಯತ್ಯಾಸ.

ಎರೆಹುಳಕ್ಕೆ ತನ್ನದೇ ವಾಸನೆ, ರುಚಿ ಇರುತ್ತದೆ. ಮರ, ಲೋಹ, ಪ್ಲಾಸ್ಟಿಕ್‌ನ ಲೂರ್‌ಗೆ ಅದಿಲ್ಲ. ಅದರ ಓಟ, ಮಿನುಗು, ನೀರಿನಲ್ಲಿ ಎಬ್ಬಿಸುವ ನಡುಕ ನೋಡಿಯೇ ಮೀನು ಮೋಸ ಹೋಗಬೇಕು. ಹಾಗಾಗಿ ಇದು ಮುಖ್ಯವಾಗಿ ಬೇಟೆಯಾಡುವ ಮೀನಿಗೆ: ಸ್ನೇಕ್‌ಹೆಡ್, ಬಾಸ್, ಪೈಕ್, ಟ್ರೌಟ್, ಬಾರಮುಂಡಿ, ಇಂಥವಕ್ಕೆ. ಹುಲ್ಲು, ಪಾಚಿ ತಿನ್ನುವ ಮೀನು ಬೇಕಾದರೆ ತಿನ್ನುವ ಎರೆಯೇ ಸರಿ.

ಮೊದಲು ಆಳ

ಕೊಳ್ಳುವ ಮುಂಚೆ ಡಬ್ಬಿಯ ಮೇಲೆ ಒಂದು ಮಾತು ಹುಡುಕಿ. ಫ್ಲೋಟಿಂಗ್ ಅಂದರೆ ತೇಲುತ್ತದೆ. ಸಿಂಕಿಂಗ್ ಅಂದರೆ ಮುಳುಗುತ್ತದೆ. ಸಸ್ಪೆಂಡಿಂಗ್ ಅಂದರೆ ಎಳೆಯುವುದನ್ನು ನಿಲ್ಲಿಸಿದರೆ ಇದ್ದ ಆಳದಲ್ಲೇ ನಿಲ್ಲುತ್ತದೆ.

ಮೀನಿನ ಆಕಾರದ ಗಟ್ಟಿ ಲೂರ್‌ಗಳ ಬಾಯಿ ಹತ್ತಿರ ಒಂದು ತುಟಿ ಇರುತ್ತದೆ, ಪಾರದರ್ಶಕ ಹಲಗೆಯ ಥರ. ಆಳ ಹೇಳುವುದು ಆ ತುಟಿಯೇ. ಅದು ಚಿಕ್ಕದಾಗಿ, ಹೆಚ್ಚು ಕಡಿಮೆ ನೇರ ಕೆಳಕ್ಕೆ ಬಾಗಿದ್ದರೆ ಲೂರ್ ಮೇಲುಮೇಲೆ ಓಡುತ್ತದೆ. ಉದ್ದವಾಗಿ, ಮೂತಿಯ ನೇರಕ್ಕೆ ಮುಂದೆ ಚಾಚಿದ್ದರೆ ಆಳಕ್ಕೆ ಧುಮುಕುತ್ತದೆ. ಡಬ್ಬಿಯ ಮೇಲೆ ಬರೆದ ಆಳವನ್ನೇ ನಂಬಿ ಕೂರಬೇಡಿ. ದಾರ ತೆಳ್ಳಗಿದ್ದರೆ, ದೂರ ಎಸೆದರೆ ಇನ್ನೂ ಕೆಳಗೆ ಹೋಗುತ್ತದೆ. ದಪ್ಪ ದಾರ ಅದನ್ನು ಮೇಲೆಯೇ ಹಿಡಿದಿಡುತ್ತದೆ.

ಮುಳುಗುವ ಲೂರ್‌ಗೆ ಗೆಳತಿಯ ಎಣಿಕೆಯೇ ದಾರಿ. ಮೊದಲ ಸಲ ಮೂರು ಎಣಿಸಿ ಎಳೆಯಿರಿ. ಮುಂದಿನ ಸಲ ಆರು, ಆಮೇಲೆ ಒಂಬತ್ತು. ತಳದ ಕಳೆ ಸಿಕ್ಕಿಕೊಂಡಿತಾ, ಒಂದೆರಡು ಕಡಿಮೆ ಮಾಡಿ. ಮೀನು ಬಾಯಿ ಹಾಕಿದ ಎಣಿಕೆ ನೆನಪಿಟ್ಟುಕೊಳ್ಳಿ. ನಾನು ಅದನ್ನು ಪುಟ್ಟ ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ, ಜೊತೆಗೆ ಗಂಟೆ ಎಷ್ಟು, ನೀರು ತಿಳಿಯೋ ಕದಡಿತ್ತೋ ಅಂತ.

ಯಾವುದು ಯಾವಾಗ

ನೀರಿನ ಮೇಲೆ ಆಡುವ ಲೂರ್ ನನಗೆ ಎಲ್ಲಕ್ಕಿಂತ ಪ್ರೀತಿ. ಪಾಪರ್‌ನ ಬಾಯಿ ಬಟ್ಟಲಿನ ಹಾಗೆ ಒಳಗೆ ತಗ್ಗಿರುತ್ತದೆ. ಜಗ್ಗಿದರೆ ಗುಳಕ್ ಅಂತ ನೀರು ಉಗುಳುತ್ತದೆ. ಉದ್ದ ಕಡ್ಡಿಯಂಥ ಲೂರ್, ರಾಡಿನ (ಗಾಳದ ಕೋಲಿನ) ತುದಿ ಕುಣಿಸಿದಂತೆ ಎಡಕ್ಕೂ ಬಲಕ್ಕೂ ಮೂತಿ ತಿರುಗಿಸುತ್ತಾ ಬರುತ್ತದೆ. ಕಪ್ಪೆ ಲೂರ್‌ನ ಗಾಳ ಅದರ ಮೆತ್ತನೆ ಬೆನ್ನಿಗೆ ಒತ್ತಿಕೊಂಡಿರುವುದರಿಂದ, ತಾವರೆ ಎಲೆ, ಜೊಂಡಿನ ಮೇಲೆಯೇ ಎಳೆಯಬಹುದು. ಇವೆಲ್ಲ ನಸುಕಿನಲ್ಲಿ, ಮುಸ್ಸಂಜೆಯಲ್ಲಿ, ಗಾಳಿ ಇಲ್ಲದೆ ನೀರು ನಿಂತಿರುವಾಗ ಚೆನ್ನ. ಕಪ್ಪೆಯ ವಿಷಯದಲ್ಲಿ ಒಂದು ಎಚ್ಚರ: ನೀರು ಸಿಡಿದ ಕೂಡಲೇ ರಾಡ್ ಎತ್ತಬೇಡಿ. ಒಂದು ಉಸಿರು ಕಾಯಿರಿ. ದಾರದಲ್ಲಿ ಮೀನಿನ ತೂಕ ಗೊತ್ತಾಗಲಿ, ಆಗ ಬಲವಾಗಿ ಎಳೆಯಿರಿ. ನಮ್ಮ ಹುಡುಗಿ ಮೊದಲ ಐದು ಮೀನು ಕಳೆದುಕೊಂಡಿದ್ದು ಈ ಅವಸರದಿಂದಲೇ. ಆರನೆಯದಕ್ಕೆ ಕಾದಳು, ಸಿಕ್ಕಿತು.

ಸ್ಪೂನ್ ಹೆಸರಿಗೆ ತಕ್ಕಂತೆ ಹಿಡಿ ಇಲ್ಲದ ಚಮಚ. ಅಮೆರಿಕದ ಜೂಲಿಯೋ ಬ್ಯೂಲ್ ಇದಕ್ಕೆ 1852ರಲ್ಲಿ ಪೇಟೆಂಟ್ ಪಡೆದ. ಇಷ್ಟು ವರ್ಷವಾದರೂ ಅದರ ಆಕಾರ ಹೆಚ್ಚು ಬದಲಾಗಿಲ್ಲ. ದಪ್ಪ, ಕಿರಿದಾದ ಸ್ಪೂನ್ ದೂರ ಹಾರುತ್ತದೆ, ಬೇಗ ಮುಳುಗುತ್ತದೆ. ತೆಳ್ಳಗೆ ಅಗಲವಾದದ್ದು ಒಣಗಿದ ಎಲೆಯ ಹಾಗೆ ಓಲಾಡುತ್ತಾ ನಿಧಾನ ಇಳಿಯುತ್ತದೆ. ಎಳೆಯುತ್ತಾ ಮಧ್ಯೆ ಮಧ್ಯೆ ನಿಲ್ಲಿಸಿ, ಬೀಳಲು ಬಿಡಿ. ಎಷ್ಟೋ ಮೀನು ಆ ಬೀಳುವ ಹೊತ್ತಿನಲ್ಲೇ ಕಚ್ಚುತ್ತವೆ.

ಸ್ಪಿನ್ನರ್‌ನಲ್ಲಿ ಒಂದು ತಗಡು ಗಿರಗಿರ ಸುತ್ತುತ್ತದೆ. ಮೀನಿನ ಎರಡೂ ಪಕ್ಕದಲ್ಲಿ ತಲೆಯಿಂದ ಬಾಲದವರೆಗೆ ಒಂದು ಗೆರೆ ಇರುತ್ತದಲ್ವಾ, ನೀರಿನ ಅಲುಗಾಟ ಅದಕ್ಕೆ ಗೊತ್ತಾಗುವುದು ಅಲ್ಲಿಂದ. ಕದಡಿದ ನೀರಿನಲ್ಲಿ ಕಣ್ಣಿಗಿಂತ ಆ ಗೆರೆಗೆ ಕೆಲಸ ಜಾಸ್ತಿ. ಆಗ ಕೊಲರಾಡೋ ಅನ್ನುವ ದುಂಡು ತಗಡು ಒಳ್ಳೆಯದು. ಅದು ನೀರನ್ನು ಜೋರಾಗಿ ಬಡಿಯುತ್ತದೆ, ನಿಧಾನವಾಗಿ ಎಳೆದರೂ ಸುತ್ತುತ್ತದೆ. ವಿಲ್ಲೋ ಅನ್ನುವ ಉದ್ದ ಎಲೆಯಾಕಾರದ್ದು ಕಡಿಮೆ ನಡುಗುತ್ತದೆ, ಜಾಸ್ತಿ ಮಿನುಗುತ್ತದೆ. ಅದು ತಿಳಿನೀರಿಗೆ, ವೇಗದ ಎಳೆತಕ್ಕೆ. ಸಣ್ಣ ಸ್ಪಿನ್ನರ್‌ಗಳು ದಾರಕ್ಕೆ ಮುರಿ ಹಾಕುತ್ತವೆ. ಮುಂದೆ ಒಂದು ಸ್ವಿವೆಲ್, ಅಂದರೆ ತಿರುಗುವ ಪುಟ್ಟ ಕೊಂಡಿ, ಕಟ್ಟಿಕೊಳ್ಳಿ.

ಸಣ್ಣ ಮೀನಿನಂತಿರುವ ಮಿನ್ನೋ ಲೂರ್ ಅಂದಾಗಲೆಲ್ಲ ನನಗೆ ಫಿನ್ಲೆಂಡಿನ ಮೀನುಗಾರ ಲೌರಿ ರಾಪಾಲಾ ನೆನಪಾಗುತ್ತಾರೆ. ದೊಡ್ಡ ಮೀನು ಗುಂಪಿನಲ್ಲಿ ಸರಿಯಾಗಿ ಈಜುವ ಸಣ್ಣ ಮೀನುಗಳನ್ನು ಬಿಟ್ಟು, ವಾಲಾಡುತ್ತಾ ಈಜುವ ಸೊರಗಿದ ಮೀನಿನ ಮೇಲೆ ಬೀಳುವುದನ್ನು ಅವರು ಕಂಡಿದ್ದರು. 1936ರಲ್ಲಿ ಕಾರ್ಕ್ ಕೆತ್ತಿ, ಚಾಕೊಲೇಟ್ ಸುತ್ತಿದ ತಗಡಿನ ಹಾಳೆ ಅಂಟಿಸಿ, ಫೋಟೋ ನೆಗೆಟಿವ್ ಕರಗಿಸಿ ಲೇಪಿಸಿ ಲೂರ್ ಮಾಡಿದರು. ಇದರಿಂದ ನಾನು ಕಲಿತದ್ದು, ಮಿನ್ನೋವನ್ನು ಒಂದೇ ವೇಗದಲ್ಲಿ ಎಳೆಯಬಾರದು. ಎರಡು ಸಲ ಜಗ್ಗಿ, ನಿಲ್ಲಿಸಿ. ಗಾಯಗೊಂಡ ಮೀನು ಹಾಗೇ ಅಲ್ವಾ ಮಾಡುವುದು.

ಹೊಸಬರಿಗೆ ಒಂದೇ ಲೂರ್ ಹೇಳಿ ಅಂದರೆ ನಾನು ಹೇಳುವುದು ಜಿಗ್ ಮತ್ತು ಮೆತ್ತನೆ ಪ್ಲಾಸ್ಟಿಕ್ ಮೀನು. ಜಿಗ್ ಅಂದರೆ ತಲೆಯಲ್ಲಿ ಸೀಸದ ಗುಂಡಿರುವ ಗಾಳ. ಅದಕ್ಕೆ ರಬ್ಬರಿನಂಥ ಮೀನನ್ನೋ ಹುಳವನ್ನೋ ಪೋಣಿಸುತ್ತೇವೆ. ಮೇಲೆ, ನಡುವೆ, ತಳದಲ್ಲಿ, ಎಲ್ಲಿ ಬೇಕಾದರೂ ಆಡಿಸಬಹುದು. ತೂಕ ಆರಿಸುವ ನಿಯಮ ಸರಳ: ತಳ ಮುಟ್ಟಿದ್ದು ನಿಮಗೆ ಗೊತ್ತಾಗುವಷ್ಟು ಭಾರ ಸಾಕು, ಅದಕ್ಕಿಂತ ಹೆಚ್ಚು ಬೇಡ. ಆಳವಿಲ್ಲದ ನಿಂತ ನೀರಿಗೆ ನನ್ನ ಕೈ 5 ಗ್ರಾಂ ಕಡೆ ಹೋಗುತ್ತದೆ. ಸೆಳೆತ ಇದ್ದರೆ, ಮಡು ಆಳವಿದ್ದರೆ 10ರಿಂದ 14 ಗ್ರಾಂ. ಎಸೆದ ಮೇಲೆ ದಾರದ ಮೇಲೆ ಕಣ್ಣಿಡಿ. ಬಿಗಿಯಾಗಿದ್ದ ದಾರ ಸಡಿಲವಾದರೆ ತಳ ಮುಟ್ಟಿತು ಅಂತ. ರಾಡ್ ಎತ್ತಿ, ಎರಡು ಸುತ್ತು ಸುತ್ತಿ, ಮತ್ತೆ ಬೀಳಲು ಬಿಡಿ. ಬೀಳುವಾಗ ದಾರ ಪಕ್ಕಕ್ಕೆ ಸರಿದರೂ, ತಳ ಮುಟ್ಟುವ ಮೊದಲೇ ನಿಂತರೂ ಅದು ಮೀನು. ಕೈಗೆ ಏನೂ ತಿಳಿಯದೇ ಇರಬಹುದು, ಆದರೂ ಎಳೆಯಿರಿ.

ಮರದ ಬೇರು, ಕಳೆ ಇರುವ ಕಡೆ ಗಾಳದ ಮೊನೆಯನ್ನು ಪ್ಲಾಸ್ಟಿಕ್ ಹುಳದ ಮೈಯೊಳಗೇ ಅಡಗಿಸಿ. ಸಿಕ್ಕಿಕೊಳ್ಳುವುದು ತುಂಬಾ ಕಡಿಮೆಯಾಗುತ್ತದೆ. ಸೀಸದ ಬದಲು ಟಂಗ್‌ಸ್ಟನ್ ಲೋಹದ ತಲೆ ಸಿಕ್ಕರೆ ಅದನ್ನೇ ತಗೊಳ್ಳಿ. ಅದೇ ತೂಕಕ್ಕೆ ಚಿಕ್ಕದಾಗಿರುತ್ತದೆ, ತಳದ ಕಲ್ಲು ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ. ಇನ್ನೂ ದೊಡ್ಡ ಕಾರಣ, ಕಳೆದುಹೋದ ಸೀಸದ ಗುಂಡು ನುಂಗಿ ನೀರುಹಕ್ಕಿಗಳು ಸಾಯುತ್ತವೆ. ಇದು ನನ್ನ ಮನಸ್ಸಿಗೆ ತುಂಬಾ ಹತ್ತಿರದ ವಿಷಯ.

ಈಗ ಬಣ್ಣ

ನೀರಿನೊಳಗೆ ಕೆಂಪು ಎಲ್ಲಕ್ಕಿಂತ ಮೊದಲು ಮಾಸುತ್ತದೆ. ಕೈಯಲ್ಲಿ ಧಗಧಗ ಅನ್ನುವ ಕೆಂಪು ಲೂರ್ ಕೆಲವು ಮೀಟರ್ ಕೆಳಗೆ ಬರೀ ಕಪ್ಪು ನೆರಳು. ಹಾಗಾಗಿ ನಾನು ಮೂರೇ ಬಗೆ ಇಟ್ಟುಕೊಂಡಿದ್ದೇನೆ. ತಿಳಿನೀರಿಗೆ ಬೆಳ್ಳಿ, ಅಥವಾ ಅಲ್ಲಿನ ಸಣ್ಣ ಮೀನಿನ ಬಣ್ಣ. ಕದಡಿದ ನೀರಿಗೆ ಕಣ್ಣಿಗೆ ಹೊಡೆಯುವ ಹಸಿರುಹಳದಿ. ಕತ್ತಲಿಗೆ ಕಪ್ಪು. ಕೆಳಗಿನಿಂದ ಆಕಾಶದ ಕಡೆ ನೋಡುವ ಮೀನಿಗೆ ಕಪ್ಪು ಆಕಾರವೇ ಚೆನ್ನಾಗಿ ಎದ್ದು ಕಾಣುತ್ತದೆ.

ಗಾತ್ರ ಆರಿಸುವಾಗ ದಡದಲ್ಲಿ ಐದು ನಿಮಿಷ ಕೂತು ನೋಡಿ. ಅಂಚಿನಲ್ಲಿ ಓಡುವ ಮರಿಗಳು ಬೆರಳುದ್ದ ಇದ್ದರೆ ಲೂರ್ ಕೂಡ ಬೆರಳುದ್ದ ಇರಲಿ. ನೀರು ತಣ್ಣಗಿದ್ದರೆ ಚಿಕ್ಕದು ಕಟ್ಟಿ, ನಿಧಾನ ಎಳೆಯಿರಿ. ಮೀನಿನ ಮೈ ನೀರಿನಷ್ಟೇ ತಣ್ಣಗಿರುತ್ತದೆ, ಅಟ್ಟಿಸಿಕೊಂಡು ಬರುವ ಚುರುಕು ಅದಕ್ಕೆ ಇರುವುದಿಲ್ಲ.

ರಾಡಿಗೆ ಒಪ್ಪಬೇಕು

ರಾಡಿನ ಹಿಡಿಯ ಹತ್ತಿರ 5–20 ಗ್ರಾಂ ಅಂತಲೋ, ಬೇರೆ ಏನೋ ಬರೆದಿರುತ್ತದೆ. ಲೂರ್ ತೂಕ ಅದರೊಳಗೇ ಇರಲಿ. ಹಗುರಾದರೆ ದೂರ ಹೋಗಲ್ಲ. ಭಾರವಾದರೆ ಎಸೆಯುವಾಗ ರಾಡ್ ಮುರಿಯಬಹುದು. ಪೈಕ್‌ನಂಥ ಚೂಪು ಹಲ್ಲಿನ ಮೀನಿದ್ದರೆ ಲೂರ್ ಮುಂದೆ ಒಂದು ಗೇಣು ಸ್ಟೀಲ್ ತಂತಿ ಹಾಕಿ. ಇಲ್ಲದಿದ್ದರೆ ದಾರ ಕತ್ತರಿಸಿ, ಬಾಯಲ್ಲಿ ಗಾಳ ಹೊತ್ತುಕೊಂಡು ಹೋಗುತ್ತದೆ.

ಗಾಳದ ಮೊನೆಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಕಚ್ಚಿಕೊಂಡರೆ ಚೂಪಾಗಿದೆ. ಜಾರಿದರೆ ಅರದಿಂದ ಉಜ್ಜಬೇಕು, ಇಲ್ಲ ಬದಲಾಯಿಸಬೇಕು. ಮೂರು ಮೊನೆಯ ಗಾಳಗಳ ಹಿಮ್ಮುಳ್ಳನ್ನು ನಾನು ಇಕ್ಕಳದಿಂದ ಒತ್ತಿಬಿಡುತ್ತೇನೆ. ಬಿಟ್ಟುಬಿಡುವ ಮೀನಿಗೆ ಗಾಯ ಕಡಿಮೆ. ಒಮ್ಮೆ ಹುಡುಗಿಯ ಬೆರಳಿಗೇ ಗಾಳ ಚುಚ್ಚಿತ್ತು. ಮುಳ್ಳು ಒತ್ತಿದ್ದರಿಂದ ಸಲೀಸಾಗಿ ಹೊರಬಂತು.

ಮೊದಲ ಪೆಟ್ಟಿಗೆಗೆ ಐದು ಲೂರ್ ಸಾಕು: ಒಂದು ಪಾಪರ್ (ಕಳೆ ಜಾಸ್ತಿ ಇದ್ದರೆ ಕಪ್ಪೆ), ಒಂದು ತೇಲುವ ಮಿನ್ನೋ, ಒಂದು ಸ್ಪಿನ್ನರ್, ಒಂದು ಸ್ಪೂನ್, ಒಂದು ಜಿಗ್. ಜಿಗ್‌ಗೆ ಮಾತ್ರ ಬೇರೆ ಬೇರೆ ತೂಕದ ಎರಡು ಮೂರು ತಲೆ ಇಟ್ಟುಕೊಳ್ಳಿ. ಮೆತ್ತನೆ ಪ್ಲಾಸ್ಟಿಕ್ ಮೀನುಗಳನ್ನು ಗಟ್ಟಿ ಲೂರ್‌ಗಳ ಜೊತೆ ಒಂದೇ ಖಾನೆಯಲ್ಲಿ ಇಡಬೇಡಿ. ನನ್ನ ಎರಡು ಒಳ್ಳೆಯ ಮಿನ್ನೋಗಳ ಬಣ್ಣ ಹಾಗೇ ಕರಗಿ ಅಂಟಾಗಿ ಹೋಯಿತು. ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ಪೆಟ್ಟಿಗೆಯ ಮುಚ್ಚಳ ರಾತ್ರಿಯಿಡೀ ತೆರೆದಿಡಿ. ಗಾಳ ಪೂರ್ತಿ ಒಣಗಿದ ಮೇಲೆಯೇ ಮುಚ್ಚಿ.